ಲೈನ್ ಮನೆ ಖಾಲಿಯಾದ ಮೇಲೆ ಉಳಿಯುವ ಬೆಕ್ಕುಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಊರಲ್ಲಿ ಬೆಕ್ಕುಗಳ ಕಾಟ ಜಾಸ್ತಿಯಾಗಿದೆ, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಕಾಡಿಗೆ ಬಿಟ್ಟು ಬರಬೇಕು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕಣದಲ್ಲಿ ಒಣಗಲು ಹಾಕಿದ ಕಾಳುಮೆಣಸಿನ ಮೇಲೆ ಬೆಕ್ಕು ಗಲೀಜು ಮಾಡಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಆದರೆ ಈ ಬೆಕ್ಕುಗಳು ಎಲ್ಲಿಂದ ಬಂದವು ಎಂದು ಅವರೂ ಕೇಳಲಿಲ್ಲ, ಆಮೇಲೆ ಉತ್ತರ ಬರೆದವರೂ ಕೇಳಲಿಲ್ಲ. ನಾನು ಕಾಫಿ ತೋಟದಲ್ಲಿ ರೈಟರ್ ಆಗಿದ್ದು ನಿವೃತ್ತನಾದವನು. ಕೂಲಿ ಲೆಕ್ಕ, ಕಾಫಿ ತೂಕದ ಲೆಕ್ಕ ಬರೆಯುತ್ತಲೇ ತಲೆ ಬೆಳ್ಳಗಾಯಿತು. ಕೆಲಸದವರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಗಳ ಒಳಗೂ ಹೊರಗೂ ಗೊತ್ತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೂ ಕತ್ತರಿ ಹಾಕಬೇಡಿ.

ನಮ್ಮ ಸುಂಟಿಕೊಪ್ಪ ಕಡೆ ವರ್ಷದ ಕೊನೆಗೆ ಅರೇಬಿಕಾ ಕುಯ್ಲು ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್. ಈಗ ಕುಯ್ಲಿಗೆ ಊರಿನ ಜನ ಸಾಲುವುದಿಲ್ಲ. ಅಸ್ಸಾಂ ಕಡೆಯಿಂದ ಸಂಸಾರ ಸಮೇತ ಬರುತ್ತಾರೆ. ಬಂದವರಿಗೆ ಲೈನ್‌ನಲ್ಲಿ ಒಂದೊಂದು ಕೋಣೆ. ಕೋಣೆ ತುಂಬ ಇಲಿ. ಅಕ್ಕಿ ಮೂಟೆ ಉಳಿಯಬೇಕಾದರೆ ಬೆಕ್ಕು ಬೇಕೇ ಬೇಕು. ಎಲ್ಲಿಂದಲೋ ಒಂದು ಮರಿ ತರುತ್ತಾರೆ. ಮಕ್ಕಳು ಅದರ ಜೊತೆ ಆಡುತ್ತಾರೆ, ರಾತ್ರಿ ಚಳಿಗೆ ಕಂಬಳಿಯೊಳಗೆ ಮಲಗಿಸಿಕೊಳ್ಳುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ ಲೆಕ್ಕ ಚುಕ್ತಾ. ಬಟ್ಟೆ ಬರೆ ಗಂಟು ಕಟ್ಟಿ ಜೀಪು ಹತ್ತುತ್ತಾರೆ. ಮುಂದೆ ದಿನಗಟ್ಟಲೆ ರೈಲು. ಮಕ್ಕಳನ್ನು ಹಿಡಿದುಕೊಂಡು ಹೋಗುವುದೇ ಕಷ್ಟ, ಬೆಕ್ಕನ್ನು ಎಲ್ಲಿ ಕೊಂಡೊಯ್ಯುತ್ತಾರೆ? ಅವರನ್ನು ಬೈದು ಪ್ರಯೋಜನವಿಲ್ಲ. ತೋಟದವರೂ ಬೇಕೆಂದೇ ಮಾಡುವುದಲ್ಲ. ಯಾರ ಲೆಕ್ಕದ ಪುಸ್ತಕದಲ್ಲೂ ಬೆಕ್ಕಿಗೆ ಒಂದು ಸಾಲು ಇಲ್ಲ, ಅಷ್ಟೇ.

ನಾಯಿಯಾದರೆ ಜನರ ಹಿಂದೆ ಹೋಗಿ ಯಾವುದಾದರೂ ಅಂಗಳ ಸೇರಿಕೊಳ್ಳುತ್ತದೆ. ಬೆಕ್ಕಿಗೆ ಜನರಷ್ಟೇ ಜಾಗವೂ ಮುಖ್ಯ. ಬೀಗ ಹಾಕಿದ ಬಾಗಿಲ ಮುಂದೆ ಕೂತು ಕೂಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಜೋಡುಪಾಲ ಕಡೆಯ ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಹೋದಾಗ ಇಂಥದ್ದನ್ನು ನೋಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅದು ಒಂದು ವರ್ಷದ ಮಾತು. ಲೈನ್ ಮನೆಯಲ್ಲಿ ಪ್ರತಿ ವರ್ಷವೂ ಇದೇ.

ರೈಟರ್ ಬುದ್ಧಿ, ಒಂದು ಲೆಕ್ಕ ಹೇಳಿಬಿಡುತ್ತೇನೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ಗಬ್ಬ ನಿಂತರೆ 63ರಿಂದ 65 ದಿನಕ್ಕೆ ಮರಿ. ಮಾರ್ಚ್ ಕೊನೆಗೆ ಜನ ಹೋದಾಗ ಹೊಟ್ಟೆಯಲ್ಲಿ ಮರಿ ಇಟ್ಟುಕೊಂಡೇ ಉಳಿದ ಬೆಕ್ಕು ಮೇ ಮುಗಿಯುವುದರೊಳಗೆ ಈಯುತ್ತದೆ. ಜೂನ್‌ಗೆ ಮುಂಗಾರು. ಮರಿಗಳು ಅಟ್ಟದಿಂದ ಇಳಿದು ನಡೆಯಲು ಕಲಿಯುವಾಗ ಹೊರಗೆ ಎಡೆಬಿಡದ ಮಳೆ, ಚಳಿ. ಹಾಲು ಕುಡಿಸುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು. ನಿಮ್ಮ ಓದುಗರು ಹೇಳಿದ ಕಾಟ ಹೀಗೆ ಹುಟ್ಟುತ್ತದೆ.

ಹೋದ ವರ್ಷ ಪಕ್ಕದ ತೋಟದ ಲೈನ್ ಖಾಲಿಯಾದ ಮೇಲೆ ಒಂದು ಹೆಣ್ಣು ಬೆಕ್ಕು ನಮ್ಮ ಸೌದೆ ಕೊಟ್ಟಿಗೆ ಸುತ್ತ ಕಾಣಿಸಿಕೊಂಡಿತು. ಬೂದು ಮೈ, ಕಪ್ಪು ಪಟ್ಟೆ, ಎಡಗಿವಿಯ ಅಂಚು ಹರಿದಿತ್ತು. ಕಿವಿ ತುದಿಯನ್ನು ನೇರವಾಗಿ ಕತ್ತರಿಸಿದ ಹಾಗಿದ್ದರೆ ಅದು ಸಂತಾನಹರಣ ಆಪರೇಷನ್ ಆಗಿರುವ ಗುರುತು. ಇದು ಹಾಗಿರಲಿಲ್ಲ, ಎಲ್ಲೋ ಜಗಳದಲ್ಲಿ ಹರಿದದ್ದು. ಯಾರದ್ದಾದರೂ ಮನೆ ಬೆಕ್ಕಾ ಎಂದು ಮೊದಲು ವಿಚಾರಿಸಿದೆ. ಇದನ್ನು ಎಲ್ಲರೂ ಮಾಡಬೇಕು. ಸುಮ್ನೆ ಅಡ್ಡಾಡುವ ಬೆಕ್ಕೆಲ್ಲ ದಿಕ್ಕಿಲ್ಲದ್ದಲ್ಲ. ಮೂರು ಮನೆಯಲ್ಲಿ ಮೂರು ಹೆಸರಿಟ್ಟುಕೊಂಡು ಮೂರು ಹೊತ್ತು ಉಣ್ಣುವ ಬೆಕ್ಕುಗಳನ್ನು ಕಂಡಿದ್ದೇನೆ. ಮುಟ್ಟಲು ಬಿಡುವ ಬೆಕ್ಕಾದರೆ ಕುತ್ತಿಗೆಗೆ ಸಡಿಲವಾಗಿ ಒಂದು ಕಾಗದದ ಪಟ್ಟಿ ಸುತ್ತಿ, 'ಇದು ಯಾರ ಬೆಕ್ಕು?' ಎಂದು ಬರೆದು ಬಿಡಬಹುದು. ಕಾಗದವಾದರೆ ಸಿಕ್ಕಿಕೊಂಡರೂ ಹರಿದುಹೋಗುತ್ತದೆ. ದಾರ ಮಾತ್ರ ಕಟ್ಟಬೇಡಿ. ಕಾಫಿ ಗಿಡದ ರೆಂಬೆಗೆ ಸಿಕ್ಕಿದರೆ ಉರುಳಾಗುತ್ತದೆ.

ನಮ್ಮ ಈ ಬೆಕ್ಕು ಮುಟ್ಟುವ ಮಾತಿರಲಿ, ನೋಡಿದರೇ ಓಡುತ್ತಿತ್ತು. ಲೈನ್‌ನಲ್ಲಿ ಉಳಿದಿದ್ದ ಒಬ್ಬ ಕೆಲಸದವನನ್ನು ಕೇಳಿದೆ. 'ಅದು ಕೊನೇ ಕೋಣೆಯವರದ್ದು ಸಾರ್, ಮಿನಿ ಅಂತ ಕರೀತಿದ್ರು' ಎಂದ. ಹಾಗೇ ಕರೆದೆ. ಓಡುವುದನ್ನು ನಿಲ್ಲಿಸಲಿಲ್ಲ, ಆದರೆ ಒಂದು ಕಿವಿ ನನ್ನ ಕಡೆ ತಿರುಗಿತು.

ಅಪರಿಚಿತ ಬೆಕ್ಕಿನ ಸ್ನೇಹ ಮಾಡಲು ಮೊದಲು ಅದನ್ನು ನೋಡುವುದನ್ನು ಬಿಡಬೇಕು. ನೆಟ್ಟ ನೋಟ ಅಂದರೆ ಅದರ ಲೆಕ್ಕದಲ್ಲಿ ಜಗಳಕ್ಕೆ ಕರೆ. ಮೀನಿನ ಸ್ಕೂಟರ್ ಹಾರ್ನ್ ಕೇಳಿದರೆ ಅದು ಸೌದೆ ರಾಶಿಯ ಹಿಂದೆ ಬಂದು ಕೂರುತ್ತಿತ್ತು. ನಮ್ಮ ಮನೆಯವಳು ಮತ್ತಿ ಮೀನಿನ ತಲೆಗಳನ್ನು ಉಪ್ಪು ಖಾರ ಹಾಕದೆ ಬೇಯಿಸಿ ಕೊಡುತ್ತಿದ್ದಳು. ದಿನಾ ಅದೇ ಹೊತ್ತು, ಅದೇ ಅಲ್ಯೂಮಿನಿಯಂ ತಟ್ಟೆ. ತಟ್ಟೆ ಇಟ್ಟು ನಾನು ಸ್ವಲ್ಪ ದೂರದಲ್ಲಿ ಮೆಟ್ಟಿಲ ಮೇಲೆ ಅರ್ಧ ಬೆನ್ನು ಹಾಕಿ ಪೇಪರ್ ಓದುತ್ತಾ ಕೂರುತ್ತಿದ್ದೆ. ನಿಮ್ಮ ಪತ್ರಿಕೆಯನ್ನು ಟೆಂಡರ್ ಜಾಹೀರಾತು ಸಮೇತ ಓದಿದ್ದು ಆವಾಗಲೇ. ಬೆಕ್ಕು ಬೆದರದೆ ತಿನ್ನಲು ಶುರುಮಾಡಿದ ಮೇಲೆ ತಟ್ಟೆಯನ್ನು ಒಂದೊಂದು ಗೇಣು ಹತ್ತಿರ ಎಳೆದೆ. ಆತುರಪಟ್ಟು ಕೈ ಚಾಚಿದರೆ ಮಾಡಿದ್ದೆಲ್ಲ ನೀರಿಗೆ ಬಿದ್ದ ಹಾಗೆ.

ಕಣ್ಣಿನ ವಿಷಯ ಒಂದಿದೆ. ಬೆಕ್ಕು ನಿಮ್ಮ ಕಡೆ ನೋಡಿದಾಗ ನೀವು ಕಣ್ಣನ್ನು ನಿಧಾನವಾಗಿ ಅರೆ ಮುಚ್ಚಿ, ತೆರೆದು, ಮುಖ ತಿರುಗಿಸಿ. ಭಯವಿಲ್ಲ ಎಂದು ಅದಕ್ಕೆ ಗೊತ್ತಾಗುತ್ತದೆ. ಇದು ನನ್ನ ಕಲ್ಪನೆಯಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗ ಮಾಡಿ, ಹೀಗೆ ಕಣ್ಣು ಕಿರಿದು ಮಾಡಿದವರಿಗೆ ಬೆಕ್ಕುಗಳೂ ಹಾಗೇ ಕಣ್ಣು ಕಿರಿದು ಮಾಡುತ್ತವೆ, ಅಪರಿಚಿತರಾದರೂ ಹತ್ತಿರ ಬರುವ ಸಂಭವ ಜಾಸ್ತಿ ಎಂದು ಪ್ರಕಟಿಸಿದ್ದಾರೆ. ನಾನು ಮೆಟ್ಟಿಲ ಮೇಲೆ ಕೂತು ಕಣ್ಣು ಮಿಟುಕಿಸುವುದನ್ನು ಹಾಲಿನ ಡೈರಿಗೆ ಹೋಗುವ ಅಕ್ಕ ನೋಡಿ, 'ರೈಟ್ರಿಗೆ ಕಣ್ಣಿಗೇನಾಯ್ತು?' ಎಂದು ನಮ್ಮ ಮನೆಯವಳನ್ನು ಕೇಳಿದ್ದಳು.

ಬಾಲ ನೆಟ್ಟಗೆ ಎತ್ತಿಕೊಂಡು, ತುದಿ ಸ್ವಲ್ಪ ಬಾಗಿಸಿ ಬಂದರೆ ಸ್ನೇಹ ಎಂದರ್ಥ. ಆಗಲೂ ತಲೆ ಮೇಲೆ ಕೈ ಇಡಬೇಡಿ. ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ ಹಿಡಿದು ಸುಮ್ಮನಿರಿ. ಮೂಸಿ ನೋಡಿ ಕೆನ್ನೆ ಉಜ್ಜಿದರೆ ಕೆನ್ನೆ ಸವರಿ. ಹೊಟ್ಟೆಗೆ ಕೈ ಹಾಕಲೇಬೇಡಿ. ಕಿವಿ ಹಿಂದಕ್ಕೆ ಒತ್ತಿ ಬಾಲ ಬಡಿಯುತ್ತಿದ್ದರೆ ಅವತ್ತಿಗೆ ಸಾಕು ಎಂದು ಎದ್ದು ಬನ್ನಿ.

ಪರಚಿದರೆ, ಕಚ್ಚಿದರೆ ತಾತ್ಸಾರ ಬೇಡ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ನಮ್ಮ ಕಡೆ ಗಾಯಕ್ಕೆ ಕಾಫಿ ಪುಡಿ, ಅರಿಶಿನ ಮೆತ್ತುವ ಅಭ್ಯಾಸ ಇನ್ನೂ ಹೋಗಿಲ್ಲ. ಅದನ್ನು ಬಿಟ್ಟು, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಇನ್ನು ಊಟ. ಬೆಕ್ಕು ಅಂದ ತಕ್ಷಣ ಎಲ್ಲರೂ ಹಾಲು ಇಡುತ್ತಾರೆ. ಎಷ್ಟೋ ದೊಡ್ಡ ಬೆಕ್ಕುಗಳಿಗೆ ಹಸುವಿನ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಹಸಿದು ಸೊರಗಿದ ಬೆಕ್ಕಿಗೆ ಭೇದಿ ಅಂದರೆ ಇನ್ನೂ ಕಷ್ಟ. ನೀರು ಇಡಿ. ಬೇಯಿಸಿದ ಮೀನು, ಕೋಳಿ, ಮೊಟ್ಟೆ ಹಾಕಿ. ಬರೀ ಅನ್ನದಲ್ಲಿ ಅದು ಬದುಕದು, ಮಾಂಸದ ಅಂಶ ಬೇಕೇ ಬೇಕು. ಮಾಂಸ ಅಂತ ಹೇಳಿ ಮದುವೆ ಮನೆಯಲ್ಲಿ ಮಿಕ್ಕಿದ ಪಂದಿ ಕರಿ (ಹಂದಿ ಮಾಂಸದ ಸಾರು) ಹಾಕಬೇಡಿ. ಅದರಲ್ಲಿ ಅರೆದು ಹಾಕುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಜ್ವರ ಬಂದಿದೆ ಎಂದು ಪ್ಯಾರಾಸಿಟಮಾಲ್ ಕೊಟ್ಟರಂತೂ ಒಂದೇ ಮಾತ್ರೆಗೆ ಸಾಯಬಹುದು. ದನಕ್ಕೆ, ನಾಯಿಗೆ ಹಾಕುವ ಉಣ್ಣೆ ಔಷಧಿಯನ್ನೂ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ. ಊಟ ಹಗಲಲ್ಲೇ ಹಾಕಿ, ತಿಂದಾದ ಮೇಲೆ ತಟ್ಟೆ ಎತ್ತಿಡಿ. ರಾತ್ರಿ ತಟ್ಟೆ ಅಲ್ಲೇ ಇದ್ದರೆ ಕಾಡಿನವರೂ ಊಟಕ್ಕೆ ಬರುತ್ತಾರೆ. ಚಿರತೆ ಓಡಾಡುವ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೋಟದಲ್ಲಿ ವಿಷವೂ ಜಾಸ್ತಿ. ಮಳೆಗೆ ಮುಂಚೆ ಗಿಡದ ರೋಗಕ್ಕೆಂದು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತ ಕಲಸಿದ ಡ್ರಮ್ಮಿನ ಸುತ್ತ ಚೆಲ್ಲಿದ್ದನ್ನು ಬೆಕ್ಕು ಮೆಟ್ಟಿಕೊಂಡು ಹೋಗಿ ಆಮೇಲೆ ಕಾಲು ನೆಕ್ಕುತ್ತದೆ. ಕಳೆನಾಶಕದ ಕತೆಯೂ ಅದೇ. ಇಲಿ ಪಾಷಾಣ ತಿಂದ ಇಲಿಯನ್ನು ಹಿಡಿದರೂ ಅಪಾಯ. ಇಲಿಗೆಂದು ಬೆಕ್ಕು ಸಾಕಿ, ಅದೇ ಮೂಲೆಯಲ್ಲಿ ಪಾಷಾಣವನ್ನೂ ಇಡುವವರಿಗೆ ಏನು ಹೇಳೋಣ?

ಮಳೆಗಾಲಕ್ಕೆ ಗೂಡು ಬೇಕಾದರೆ ಹಳೇ ಥರ್ಮೊಕೋಲ್ ಮೀನಿನ ಡಬ್ಬಿ ಸಾಕು. ಪಕ್ಕದಲ್ಲಿ ಬೆಕ್ಕು ನುಗ್ಗುವಷ್ಟು ತೂತು ಮಾಡಿ, ನೆಲದಿಂದ ಎತ್ತರಿಸಿ, ಜಡಿಮಳೆ ಬರುವ ದಿಕ್ಕಿಗೆ ಬೆನ್ನು ಮಾಡಿ ಇಡಿ. ಒಳಗೆ ಗೋಣಿ, ಕಂಬಳಿ ಹಾಕಿದರೆ ಜುಲೈ, ಆಗಸ್ಟ್‌ನ ಆಟಿ ತಿಂಗಳ ತೇವಕ್ಕೆ ಅವೇ ಒದ್ದೆಯಾಗಿ ತಣ್ಣಗಾಗುತ್ತವೆ. ಒಣ ಭತ್ತದ ಹುಲ್ಲು ಒಳ್ಳೆಯದು. ಜೀಪು ಇರುವವರು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಒಮ್ಮೆ ಬಡಿಯಿರಿ, ಒಳಗೆ ಬೆಚ್ಚಗೆ ಬೆಕ್ಕು ಮಲಗಿರಬಹುದು.

ಮಿನಿ ವಿಷಯಕ್ಕೆ ಬರುತ್ತೇನೆ. ಹತ್ತಿರ ಬಂದ ಮೇಲೆ ನೋಡಿದರೆ ಮೊಲೆತೊಟ್ಟುಗಳ ಸುತ್ತ ಕೂದಲು ಉದುರಿ, ಚರ್ಮ ಕೆಂಪಗಿತ್ತು. ಎಲ್ಲೋ ಮರಿ ಇದೆ. ತಿಂದ ಮೇಲೆ ಬಾಯಿ ಕೂಡ ಒರೆಸಿಕೊಳ್ಳದೆ ಓಡುತ್ತಿದ್ದುದು ಅದಕ್ಕೇ. ಇಂಥ ಹೊತ್ತಲ್ಲಿ ತಾಯಿಯನ್ನು ಹಿಡಿದು ಆಸ್ಪತ್ರೆಗೆ ಒಯ್ದರೆ ಅಲ್ಲಿ ಮರಿಗಳು ಹಸಿದು ಸಾಯುತ್ತವೆ. ಹಿಂದೆಯೇ ಹೋಗಿ ನೋಡಿದೆವು. ಖಾಲಿ ಕೋಣೆಯ ಅಟ್ಟದಲ್ಲಿ, ಬಿಟ್ಟುಹೋದ ಹರಕು ಪ್ಲಾಸ್ಟಿಕ್ ಹಾಳೆ ಮೇಲೆ ಎರಡು ಮರಿಗಳು. ಕಣ್ಣು ಬಿಟ್ಟಿದ್ದವು, ಇನ್ನೂ ನೀಲಿ. ಮರಿಗಳಿಗೆ ಎರಡರಿಂದ ಏಳು ವಾರದ ಒಳಗೆ ಮನುಷ್ಯರ ಕೈ, ದನಿ ಅಭ್ಯಾಸವಾದರೆ ಮುಂದೆ ಸಾಧುವಾಗುತ್ತವೆ. ಆ ಹೊತ್ತು ದಾಟಿದರೆ ಪಳಗಿಸುವುದು ಬಲು ನಿಧಾನ. ನಾವು ಅವನ್ನು ಕದಲಿಸಲಿಲ್ಲ. ತಾಯಿಗೆ ಅಲ್ಲೇ ಊಟ ಕೊಟ್ಟೆವು. ಮರಿಗಳು ತಾವೇ ಮೀನು ತಿನ್ನಲು ಕಲಿತ ಮೇಲೆ ಒಂದನ್ನು ಟೈಲರ್ ಅಂಗಡಿಯವರು, ಇನ್ನೊಂದನ್ನು ನಮ್ಮ ಸೊಸೆಯ ತವರಿನವರು ತೆಗೆದುಕೊಂಡು ಹೋದರು.

ಆಮೇಲೆ ಆಪರೇಷನ್. ಹಣ್ಣಿನ ಪ್ಲಾಸ್ಟಿಕ್ ಕ್ರೇಟ್ ಎರಡನ್ನು ಒಂದರ ಮೇಲೊಂದು ಬೋರಲು ಹಾಕಿ, ಒಂದು ಬದಿ ತಂತಿಯಿಂದ ಕಟ್ಟಿ, ಇನ್ನೊಂದು ಬದಿ ತೆರೆಯುವ ಹಾಗೆ ಮಾಡಿದೆ. ಊಟವನ್ನು ಅದರೊಳಗೇ ಇಡುತ್ತಾ ಬಂದೆ. ಅದು ಬಲೆಯಲ್ಲ, ಊಟದ ಮನೆ ಎಂದು ಬೆಕ್ಕಿಗೆ ಖಾತ್ರಿಯಾದ ಮೇಲೆ ಒಂದು ದಿನ ಮುಚ್ಚಿ, ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದೆ. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಹಿಡಿಯುವುದು ಸುಲಭ, ಆಪರೇಷನ್ ಮಾಡಿಸುವುದೇ ಕಷ್ಟ ಎಂದು ಗೊತ್ತಾಗಿದ್ದು ಆಮೇಲೆ. ಮೊದಲು ಹೋದ ಕಡೆ, 'ಹಸು ಆದ್ರೆ ನೋಡೋಣ, ನಾಯಿ ಆದ್ರೂ ನೋಡೋಣ, ಬೆಕ್ಕಿಗೆಲ್ಲ ಇಲ್ಲಿ ಆಗಲ್ಲ' ಎಂದರು. ಯಾವ ಊರು ಎಂದು ಬರೆಯುವುದಿಲ್ಲ. ಅಲ್ಲಿನ ಡಾಕ್ಟರಿಗೆ ಸುತ್ತಲಿನ ಊರುಗಳ ದನಗಳೇ ಕೈತುಂಬ ಇವೆ, ಕಣ್ಣಾರೆ ಕಂಡಿದ್ದೇನೆ. ಕೊನೆಗೆ ಬೇರೆ ಕಡೆ ಒಬ್ಬ ಡಾಕ್ಟರಮ್ಮ ಮಾಡಿಕೊಟ್ಟರು. ಕಿವಿ ತುದಿಯನ್ನೂ ಗುರುತಿಗೆ ನೇರ ಕತ್ತರಿಸಿದರು, ಇನ್ಯಾರೋ ಹಿಡಿದು ಸುಮ್ನೆ ಮತ್ತೆ ಹೊಟ್ಟೆ ಕುಯ್ಯಿಸಬಾರದಲ್ವಾ.

ಕಾಡಿಗೆ ಬಿಡುವ ಸಲಹೆಗೆ ಎರಡೇ ಮಾತು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ವಿಷ ಹಾಕಿ ಕೊಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ ಐದು ವರ್ಷದವರೆಗೆ ಜೈಲಿಗೆ ಅವಕಾಶವಿದೆ. ಕಾನೂನು ಬದಿಗಿಟ್ಟರೂ, ಊರ ಬೆಕ್ಕಿನ ರೋಗ ಕಾಡಿನ ಬೆಕ್ಕಿಗೆ ಅಂಟುತ್ತದೆ. ನಮ್ಮ ಕಾಡಿಗೆ ಅದರದೇ ಬೆಕ್ಕುಗಳಿವೆ.

ಅದರಲ್ಲೂ ಒಂದು ಎಚ್ಚರಿಕೆ. ಕುಯ್ಲಲ್ಲಿ, ಕಳೆ ತೆಗೆಯುವಾಗ ಗಿಡಗಳ ಮಧ್ಯೆ ನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಯಲ್ಲೋ ಮರದ ಬುಡದಲ್ಲೋ ಮರಿಗಳು ಸಿಗುವುದುಂಟು. ಮೈಮೇಲೆ ಚುಕ್ಕೆ, ಹಣೆಯಲ್ಲಿ ಬಿಳಿ ಗೆರೆ, ಕಿವಿಯ ಹಿಂದೆ ಬಿಳಿ ಬೊಟ್ಟು ಇದ್ದರೆ ಅದು ಚಿರತೆ ಬೆಕ್ಕಿನ ಮರಿ. ಉದ್ದ ಕಾಲು, ಗಿಡ್ಡ ಬಾಲ, ಕಿವಿ ತುದಿಯಲ್ಲಿ ಸಣ್ಣ ಕೂದಲ ಕುಚ್ಚು ಇದ್ದರೆ ಕಾಡುಬೆಕ್ಕು. ಇವನ್ನು ಅನಾಥ ಮರಿ ಎಂದು ಮನೆಗೆ ತರಬೇಡಿ. ಜನ ದೂರ ಹೋದ ಮೇಲೆ, ಸಾಮಾನ್ಯವಾಗಿ ಕತ್ತಲಾದ ಮೇಲೆ, ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಅವತ್ತಿಗೆ ತೋಟದ ಆ ಭಾಗದ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಯವರಿಗೆ ಹೇಳಿ. ಸಾಕಿಕೊಂಡರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು.

ಇಷ್ಟೆಲ್ಲ ಬರೆದದ್ದು ಒಂದು ಮಾತಿಗೆ. ನಾನು ಏಪ್ರಿಲ್‌ನಲ್ಲಿ ಮೆಟ್ಟಿಲ ಮೇಲೆ ಕೂತು ಕಣ್ಣು ಮಿಟುಕಿಸಿ ಮಾಡಿದ ಕೆಲಸವನ್ನು ಜನವರಿಯಲ್ಲಿ ಕೊನೇ ಕೋಣೆಯ ಮಗು ಒಂದು ನಿಮಿಷದಲ್ಲಿ ಮಾಡುತ್ತಿತ್ತು. ಆ ಮಗುವಿನ ತೊಡೆ ಮೇಲೆಯೇ ಬೆಕ್ಕು ಮಲಗುತ್ತಿತ್ತಲ್ಲ. ಎತ್ತಿ ಬುಟ್ಟಿಗೆ ಹಾಕಿದರೆ ಮುಗಿಯಿತು. ಆದ್ದರಿಂದ ಆಪರೇಷನ್ ಆಗಬೇಕಾದದ್ದು ಕುಯ್ಲು ನಡೆಯುವಾಗ, ಸಾಕಿದವರು ಲೈನ್‌ನಲ್ಲಿ ಇರುವಾಗ. ವಾರದ ಸಂಬಳ ಕೊಡುವಾಗ ಯಾವ ಕೋಣೆಯಲ್ಲಿ ಬೆಕ್ಕಿದೆ ಎಂದು ರೈಟರ್ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳಲಿ. ಆ ತೋಟಗಳಿಗೆ ಜನವರಿ, ಫೆಬ್ರವರಿಯಲ್ಲಿ ಪಶುಪಾಲನಾ ಇಲಾಖೆ ತಾಲ್ಲೂಕಿಗೆ ಒಂದು ಕಡೆಯಾದರೂ ಬೆಕ್ಕಿನ ಆಪರೇಷನ್‌ಗೆ ದಿನ ಗೊತ್ತು ಮಾಡಲಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ನಾಯಿಗಳಿಗೆ ಲಸಿಕೆ ಶಿಬಿರ ಮಾಡುವುದು ಗೊತ್ತೇ ಇದೆ. ಅದೇ ಥರ ಇದು. ಬೆಕ್ಕನ್ನು ಸಾಗಿಸಲು ಹೇಗೂ ಕಾಫಿ ಸಾಗಿಸುವ ಜೀಪಿದೆ. ಖರ್ಚನ್ನು ತೋಟದವರೇ ಹಾಕಲಿ. ಬೆಕ್ಕು ಕಾದದ್ದು ಲೈನ್‌ನ ಅಕ್ಕಿಯನ್ನು ಮಾತ್ರವಲ್ಲ, ಗೋದಾಮಿನ ಚೀಲಗಳನ್ನೂ ಕೂಡ. ಜನ ಊರಿಗೆ ಹೋದ ಮೇಲೆ ಉಳಿದ ಬೆಕ್ಕಿಗೆ ದಿನಕ್ಕೊಂದು ಹಿಡಿ ಊಟ ಹಾಕಲು ಕಾವಲುಗಾರನಿಗೆ ಹೇಳಿದರೆ ಸಾಕು, ಮುಂದಿನ ಸೀಸನ್‌ಗೆ ಬರುವವರಿಗೆ ಇಲಿ ಹಿಡಿಯುವ ಬೆಕ್ಕು ಅಲ್ಲೇ ಸಿಗುತ್ತದೆ. ಹೊಸ ಮರಿ ತರುವ ಕೆಲಸವೇ ಇಲ್ಲ.

ಪತ್ರ ಪ್ರಕಟಿಸಿದರೆ ದಯವಿಟ್ಟು ನನ್ನ ಹೆಸರು ಹಾಕಬೇಡಿ. ಬೆಕ್ಕು ಕಂಡರೆ ಕನಿಕರವಿರುವ ಮನೆ ಇದು ಎಂದು ಗೊತ್ತಾದರೆ ರಾತ್ರೋರಾತ್ರಿ ಗೇಟಿನ ಹತ್ತಿರ ಮರಿಗಳ ರಟ್ಟಿನ ಡಬ್ಬಿ ಇಟ್ಟು ಹೋಗುವವರು ನಮ್ಮೂರಲ್ಲೇ ಇದ್ದಾರೆ.

ಇತಿ,
ಒಬ್ಬ ನಿವೃತ್ತ ಎಸ್ಟೇಟ್ ರೈಟರ್
ಸುಂಟಿಕೊಪ್ಪ, ಕೊಡಗು